ಎರಡನೆಯ ಅಂಗಡಿ

ದೀಪಾವಳಿ ಕಳೆಯಿತೆಂದರೆ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಮನೆಮನೆಯಲ್ಲೂ ಅಡಿಕೆಯ ಸುಗ್ಗಿ ತೊಡಗುತ್ತದೆ. ಕೊನೆಗಾರನು ಮರವೇರಿ ಗೊನೆ ಇಳಿಸುತ್ತಾನೆ. ರಾತ್ರಿಯೆಲ್ಲ ಸುಲಿತ ನಡೆಯುತ್ತದೆ. ಹಂಡೆಗಳಲ್ಲಿ ಬೆಂದ ಅಡಿಕೆ ಅಂಗಳದ ಬಿಸಿಲಿನಲ್ಲಿ ಒಣಗಿ ಕೆಂಪೇರುತ್ತದೆ. ವರ್ಷವಿಡೀ ಪಟ್ಟ ಶ್ರಮವು ಹಣವಾಗುವುದು ಮಾತ್ರ ಪೇಟೆಯಲ್ಲಿ. ಅಲ್ಲಿ ಬೆಳೆಗಾರನ ಅದೃಷ್ಟವನ್ನು ನಿರ್ಧರಿಸುವುದು ಅವನ ಸರಕಿನ ಗುಣವೊಂದೇ ಅಲ್ಲ. ಆ ಸರಕಿಗೆ ಎಷ್ಟು ಮಂದಿ ಬೆಲೆ ಕಟ್ಟುವವರಿದ್ದಾರೆ ಎಂಬುದು ಅಷ್ಟೇ ಮುಖ್ಯವಾದುದು. ಒಬ್ಬನೇ ವ್ಯಾಪಾರಿ ಇದ್ದಲ್ಲಿ ಅವನು ಹೇಳಿದ್ದೇ ದರ. ನಾಲ್ಕು ಮಂದಿ ಇದ್ದಲ್ಲಿ ಒಬ್ಬನ ಮೇಲೊಬ್ಬರು ದರ ಏರಿಸುತ್ತಾರೆ. ಈ ಸತ್ಯವನ್ನು ಮಲೆನಾಡಿನ ಬೆಳೆಗಾರರು ಅರ್ಥಶಾಸ್ತ್ರದ ಗ್ರಂಥಗಳಿಂದ ಕಲಿಯಲಿಲ್ಲ, ಅನುಭವದಿಂದ ಕಲಿತರು.

ಒಂದು ಕಾಲದಲ್ಲಿ ಬೆಳೆಗಾರನು ಮಳೆಗಾಲದ ಖರ್ಚಿಗೆಂದು ಮಂಡಿಯ ಸಾಹುಕಾರನಿಂದ ಮುಂಗಡ ಪಡೆಯುತ್ತಿದ್ದನು. ಸಾಲ ತಂದ ಮಂಡಿಗೇ ಅಡಿಕೆಯನ್ನು ಹಾಕಬೇಕಾಗಿತ್ತು. ಬೇರೆ ಬಾಗಿಲು ತಟ್ಟುವ ಸ್ವಾತಂತ್ರ್ಯ ಅವನಿಗಿರಲಿಲ್ಲ. ಇಂತಹ ಸ್ಥಿತಿಯಿಂದ ಹೊರಬರುವ ಪ್ರಯತ್ನವಾಗಿ 1939ರಲ್ಲಿ ಶಿವಮೊಗ್ಗದಲ್ಲಿ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘವು, ಎಂದರೆ ಇಂದು ‘ಮ್ಯಾಮ್‌ಕೋಸ್’ ಎಂದು ಜನ ಕರೆಯುವ ಸಂಸ್ಥೆಯು, ಹುಟ್ಟಿಕೊಂಡಿತು. ಆ ಸಂಘವು ಮಲೆನಾಡಿನ ಅಡಿಕೆಯನ್ನೆಲ್ಲ ತಾನೇ ಮಾರಿಕೊಡಲಿಲ್ಲ, ಮಾರಿಕೊಡಬೇಕಾಗಿಯೂ ಇರಲಿಲ್ಲ. ಬೆಳೆಗಾರನಿಗೆ ಹೋಗಲು ಇನ್ನೊಂದು ಜಾಗವಿದೆ ಎಂಬುದು ತಿಳಿದ ಮೇಲೆ ಮೊದಲಿನ ಮಂಡಿಯಲ್ಲಿಯೂ ಮಾತಿನ ಧಾಟಿ ಬದಲಾಯಿತು. ಎರಡನೆಯ ಅಂಗಡಿಯ ಮಹತ್ತ್ವವಿರುವುದು ಇಲ್ಲಿಯೇ. ಅದು ತನ್ನ ಗಿರಾಕಿಗೆ ಮಾತ್ರವಲ್ಲ, ಮೊದಲನೆಯ ಅಂಗಡಿಯ ಗಿರಾಕಿಗೂ ಉಪಕಾರ ಮಾಡುತ್ತದೆ.

ಅಡಿಕೆಯ ಮಾತು ಹಾಗಿರಲಿ. ಇಂದು ಅದೇ ಬೆಳೆಗಾರನು ದಿನದ ಧಾರಣೆಯನ್ನು ತಿಳಿಯುವುದು ಕೈಯಲ್ಲಿರುವ ದೂರವಾಣಿಯಿಂದ. ಆ ಪುಟ್ಟ ಸಲಕರಣೆಯ ಒಳಗೆ ಉಗುರಿನಷ್ಟು ಅಗಲದ ಒಂದು ಚಿಪ್ ಇದೆ. ಲೆಕ್ಕ ಮಾಡುವ, ಹೋಲಿಸುವ, ಆಜ್ಞೆಗಳನ್ನು ಒಂದಾದ ಮೇಲೊಂದರಂತೆ ನೆರವೇರಿಸುವ ಕೆಲಸವೆಲ್ಲ ಅದರದೇ. ಗಣಕಯಂತ್ರದ ಮಿದುಳೆನಿಸಿದ ಈ ಚಿಪ್ಪಿಗೆ ಪ್ರೊಸೆಸರ್ ಎಂದು ಹೆಸರು. ಶಾಲೆಯ ಗಣಕಯಂತ್ರ, ಬ್ಯಾಂಕಿನ ಹಣದ ಯಂತ್ರ, ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರ, ರಸ್ತೆಯ ಮೇಲೆ ಓಡುವ ಹೊಸ ಕಾರು ಇವುಗಳಲ್ಲಿ ಯಾವುದೂ ಇಂತಹ ಚಿಪ್ ಇಲ್ಲದೆ ನಡೆಯದು. ಆದುದರಿಂದ ಈ ವಸ್ತುವನ್ನು ತಯಾರಿಸುವವರು ಯಾರು, ಅವರು ಎಷ್ಟು ಮಂದಿ, ಅವರೊಳಗೆ ಪೈಪೋಟಿ ಇದೆಯೇ ಇಲ್ಲವೇ ಎಂಬ ಪ್ರಶ್ನೆಗಳು ದೂರದ ಅಮೆರಿಕಕ್ಕೆ ಮಾತ್ರ ಸೇರಿದವಲ್ಲ. ಹೊಸನಗರದ ಹಳ್ಳಿಗೂ ಸೇರಿದವು.

ಪ್ರೊಸೆಸರಿನ ಮೂಲದ್ರವ್ಯ ಸಿಲಿಕಾನ್. ಅದು ದೊರೆಯುವುದು ಮರಳಿನಲ್ಲಿ. ಅದನ್ನು ಪರಿಶುದ್ಧಗೊಳಿಸಿ, ತೆಳುವಾದ ಬಿಲ್ಲೆಗಳಾಗಿ ಕತ್ತರಿಸಿ, ಬೆಳಕಿನ ಸಹಾಯದಿಂದ ಅವುಗಳ ಮೇಲೆ ಅತಿ ಸೂಕ್ಷ್ಮವಾದ ವಿದ್ಯುತ್ ಮಾರ್ಗಗಳನ್ನು ಮೂಡಿಸುತ್ತಾರೆ. ಈ ಮಾರ್ಗಗಳಲ್ಲಿ ವಿದ್ಯುತ್ತನ್ನು ಬಿಡುವ, ತಡೆಯುವ ಪುಟ್ಟ ಬಾಗಿಲುಗಳೇ ಟ್ರಾನ್ಸಿಸ್ಟರುಗಳು. 1971ರಲ್ಲಿ ಅಮೆರಿಕದ ಇಂಟೆಲ್ ಸಂಸ್ಥೆ ಮಾರುಕಟ್ಟೆಗೆ ತಂದ 4004 ಎಂಬ ಪ್ರೊಸೆಸರಿನಲ್ಲಿ ಸುಮಾರು 2,300 ಟ್ರಾನ್ಸಿಸ್ಟರುಗಳಿದ್ದವು. 2008ರಲ್ಲಿ ಅದೇ ಸಂಸ್ಥೆ ಹೊರತಂದ ಒಂದು ಪ್ರೊಸೆಸರಿನಲ್ಲಿ ಅವುಗಳ ಸಂಖ್ಯೆ ಸುಮಾರು 190 ಕೋಟಿ. ಒಂದೇ ತಲೆಮಾರಿನೊಳಗೆ ಇಷ್ಟು ಬೆಳೆದ ಕಸುಬು ಮನುಷ್ಯನ ಚರಿತ್ರೆಯಲ್ಲಿ ಬಹಳ ವಿರಳ.

ಈ ಕಸುಬಿನಲ್ಲಿ ಮಲೆನಾಡಿನವರಿಗೆ ಕೂಡಲೇ ಅರ್ಥವಾಗುವ ಒಂದು ಸಂಗತಿಯುಂಟು. ಒಂದೇ ತೋಟದ ಅಡಿಕೆ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆಬೇರೆಯಾಗಿ ಬೇರೆಬೇರೆ ಧಾರಣೆಗೆ ಹೋಗುತ್ತದೆಯಲ್ಲವೇ? ಅಂತೆಯೇ ಒಂದೇ ಬಿಲ್ಲೆಯಿಂದ ಕತ್ತರಿಸಿದ ಚಿಪ್ಪುಗಳೆಲ್ಲವೂ ಒಂದೇ ಗುಣದವಾಗಿರುವುದಿಲ್ಲ. ಕೆಲವು ಹೆಚ್ಚಿನ ವೇಗವನ್ನು ತಾಳಿಕೊಳ್ಳುತ್ತವೆ. ಕೆಲವಕ್ಕೆ ಆ ಶಕ್ತಿ ಇರುವುದಿಲ್ಲ. ತಯಾರಕರು ಒಂದೊಂದನ್ನೂ ಪರೀಕ್ಷಿಸಿ, ವಿಂಗಡಿಸಿ, ಬೇರೆಬೇರೆ ಹೆಸರು ಕೊಟ್ಟು ಬೇರೆಬೇರೆ ಬೆಲೆಗೆ ಮಾರುತ್ತಾರೆ. ವಿಂಗಡಣೆ ಪ್ರಾಮಾಣಿಕವಾಗಿದೆಯೇ, ಬೆಲೆ ನ್ಯಾಯವಾದುದೇ ಎಂದು ಹೇಳುವವರು ಯಾರು? ಕೊಳ್ಳುವವನಿಗೆ ಒಳಗಿನ ಮರ್ಮ ತಿಳಿಯದು. ಇನ್ನೊಂದು ಅಂಗಡಿಯ ಸರಕಿನೊಡನೆ ಹೋಲಿಸಿ ನೋಡುವುದೊಂದೇ ಅವನಿಗಿರುವ ಅಳತೆಗೋಲು.

ಪ್ರೊಸೆಸರುಗಳ ಪೇಟೆಯಲ್ಲಿ ಎರಡನೆಯ ಅಂಗಡಿ ಬೇರೂರಿದ ಬಗೆ ತಿಳಿಯತಕ್ಕದ್ದಾಗಿದೆ. ಇಂಟೆಲ್ ಸ್ಥಾಪನೆಯಾದದ್ದು 1968ರಲ್ಲಿ. ಅದರ ಮರುವರ್ಷ, 1969ರಲ್ಲಿ, ಎಎಂಡಿ ಎಂಬ ಸಂಸ್ಥೆ ಹುಟ್ಟಿತು. ಎರಡನ್ನೂ ಕಟ್ಟಿದವರು ಒಂದೇ ಹಳೆಯ ಕಂಪೆನಿಯಿಂದ ಹೊರಬಂದವರು. 1981ರಲ್ಲಿ ಐಬಿಎಂ ಸಂಸ್ಥೆ ಜನಸಾಮಾನ್ಯರ ಬಳಕೆಗೆಂದು ಗಣಕಯಂತ್ರವನ್ನು ತಂದಾಗ ಅದಕ್ಕೆ ಇಂಟೆಲಿನ 8088 ಪ್ರೊಸೆಸರನ್ನು ಆರಿಸಿಕೊಂಡಿತು. ಆದರೆ ಬಹುಮುಖ್ಯವಾದ ಬಿಡಿಭಾಗವೊಂದಕ್ಕೆ ಒಬ್ಬನೇ ಮಾರಾಟಗಾರನನ್ನು ನಂಬಿ ಕುಳಿತುಕೊಳ್ಳಲು ಐಬಿಎಂ ಒಪ್ಪಲಿಲ್ಲ; ಅದೇ ಚಿಪ್ಪನ್ನು ತಯಾರಿಸಿಕೊಡುವ ಇನ್ನೊಬ್ಬನೂ ಬೇಕೆಂದು ಹಟ ಹಿಡಿಯಿತು. ಅದರಂತೆ 1982ರಲ್ಲಿ ಇಂಟೆಲ್ ಮತ್ತು ಎಎಂಡಿಗಳ ನಡುವೆ ಒಪ್ಪಂದವಾಯಿತು. ಎರಡನೆಯ ಅಂಗಡಿ ತಾನಾಗಿ ಬಲಗೊಳ್ಳಲಿಲ್ಲ. ಜಾಣನಾದ ಕೊಳ್ಳುವವನೊಬ್ಬ ಬೇಕೆಂದು ಕೇಳಿದುದರಿಂದ ಬಲಗೊಂಡಿತು. ಈ ಅಂಶ ನೆನಪಿನಲ್ಲಿಡಬೇಕಾದುದು.

ಮುಂದೆ ಆ ಇಬ್ಬರ ನಡುವೆ ವಿರಸ ತಲೆದೋರಿತು. 386 ಎಂಬ ಹೊಸ ಪ್ರೊಸೆಸರಿನ ತಂತ್ರವನ್ನು ಎಎಂಡಿಗೆ ಕೊಡಲು ಇಂಟೆಲ್ ಒಪ್ಪಲಿಲ್ಲ. ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. ಎಎಂಡಿ ಕೈಕಟ್ಟಿ ಕೂರದೆ 1991ರಲ್ಲಿ ತನ್ನದೇ ಆದ 386ನ್ನು ಹೊರತಂದಿತು. ಅದು ಇಂಟೆಲಿನದಕ್ಕಿಂತ ಹೆಚ್ಚು ವೇಗದ್ದೂ ಕಡಿಮೆ ಬೆಲೆಯದೂ ಆಗಿತ್ತು. 1995ರಲ್ಲಿ ರಾಜಿಯಾಯಿತು. 2003ರಲ್ಲಿ ಎಎಂಡಿ ಒಮ್ಮೆಗೆ 64 ಅಂಕಗಳನ್ನು ನಿರ್ವಹಿಸುವ ಹೊಸ ಕ್ರಮವನ್ನು ಹಳೆಯ ಕ್ರಮಕ್ಕೆ ಹೊಂದುವಂತೆ ರೂಪಿಸಿತು. ಮರುವರ್ಷ ಇಂಟೆಲ್ ಕೂಡ ಅದೇ ದಾರಿಯನ್ನು ಹಿಡಿಯಬೇಕಾಯಿತು. ಶಿಷ್ಯನಿಂದ ಗುರು ಕಲಿತಂತಾಯಿತು.

ಪೈಪೋಟಿಗೆ ನಿಯಮಗಳೂ ಬೇಕು. ತನ್ನ ಸರಕನ್ನು ಕೊಳ್ಳದಂತೆ ಗಣಕಯಂತ್ರ ತಯಾರಕರಿಗೆ ಇಂಟೆಲ್ ರಿಯಾಯಿತಿಗಳ ಆಸೆ ತೋರಿಸುತ್ತಿದೆ ಎಂದು ಎಎಂಡಿ 2005ರಲ್ಲಿ ನ್ಯಾಯಾಲಯಕ್ಕೆ ಹೋಯಿತು. ಇಂಟೆಲ್ ಆ ಆರೋಪವನ್ನು ಒಪ್ಪಲಿಲ್ಲ. ಆದರೂ 2009ರಲ್ಲಿ 125 ಕೋಟಿ ಡಾಲರುಗಳನ್ನು ಎಎಂಡಿಗೆ ಕೊಟ್ಟು ವ್ಯಾಜ್ಯವನ್ನು ಮುಗಿಸಿಕೊಂಡಿತು. ಕುಸ್ತಿಯ ಕಣದಲ್ಲಿ ಪಟುಗಳು ಎಷ್ಟು ಬಲಶಾಲಿಗಳಾದರೂ ನಡುವೆ ತೀರ್ಪುಗಾರನೊಬ್ಬ ನಿಂತಿರಬೇಕು. ಮಾರುಕಟ್ಟೆಯನ್ನು ಅದರ ಪಾಡಿಗೆ ಬಿಟ್ಟರೆ ಎಲ್ಲವೂ ಸರಿಹೋಗುತ್ತದೆ ಎನ್ನುವವರು ಈ ಪ್ರಕರಣವನ್ನು ಗಮನಿಸಬೇಕು.

ಪೈಪೋಟಿ ಸೊರಗಿದಾಗ ಏನಾಗುತ್ತದೆ ಎಂಬುದಕ್ಕೂ ಇದೇ ಕಸುಬಿನಲ್ಲಿ ನಿದರ್ಶನವಿದೆ. 2011ರಲ್ಲಿ ಎಎಂಡಿ ಹೊರತಂದ ಹೊಸ ವಿನ್ಯಾಸ ನಿರೀಕ್ಷೆಯನ್ನು ಮುಟ್ಟಲಿಲ್ಲ. ಸಂಸ್ಥೆ ಸಂಕಷ್ಟಕ್ಕೆ ಸಿಕ್ಕಿತು. ಇಂಟೆಲಿಗೆ ಎದುರಾಳಿಯೇ ಇಲ್ಲದಂತಾಯಿತು. ಆ ವರ್ಷಗಳಲ್ಲಿ ಸಾಮಾನ್ಯ ಮೇಜಿನ ಗಣಕಯಂತ್ರಕ್ಕೆ ಇಂಟೆಲ್ ಕೊಡುತ್ತಿದ್ದುದು ಹೆಚ್ಚೆಂದರೆ ನಾಲ್ಕು ಅಂತರಂಗಗಳ, ಎಂದರೆ ಏಕಕಾಲಕ್ಕೆ ನಾಲ್ಕು ಕೆಲಸ ಮಾಡಬಲ್ಲ, ಪ್ರೊಸೆಸರನ್ನು. ವರ್ಷಗಳು ಉರುಳಿದರೂ ಆ ನಾಲ್ಕು ಐದಾಗಲಿಲ್ಲ. ಇತ್ತ 2014ರಲ್ಲಿ ಲೀಸಾ ಸೂ ಎಂಬ ಮಹಿಳೆ ಎಎಂಡಿಯ ಮುಖ್ಯಸ್ಥೆಯಾದರು. 2017ರಲ್ಲಿ ಆ ಸಂಸ್ಥೆ ‘ರೈಜೆನ್’ ಎಂಬ ಹೆಸರಿನಲ್ಲಿ ಎಂಟು ಅಂತರಂಗಗಳ ಪ್ರೊಸೆಸರನ್ನು ಜನಸಾಮಾನ್ಯರ ಪೇಟೆಗೆ ತಂದಿತು. ಹತ್ತು ವರ್ಷ ನಾಲ್ಕರಲ್ಲೇ ನಿಂತಿದ್ದ ಇಂಟೆಲ್ ಅದೇ ವರ್ಷ ಆರಕ್ಕೆ ಏರಿತು. ಆ ಶಕ್ತಿ ಅದಕ್ಕೆ ಹಿಂದೆಯೂ ಇದ್ದಿರಬೇಕು, ಅವಶ್ಯಕತೆ ಇರಲಿಲ್ಲ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು ಎಂಬ ಗಾದೆ ದೊಡ್ಡ ಕಂಪೆನಿಗಳಿಗೂ ಅನ್ವಯಿಸುತ್ತದೆ.

ಈ ಇಬ್ಬರ ಸೆಣಸಾಟ ನಡೆಯುತ್ತಿದ್ದಂತೆಯೇ ಪಕ್ಕದ ಬಾಗಿಲಿನಿಂದ ಬೇರೆಯವರು ಒಳಬಂದರು. 1990ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಆರ್ಮ್ ಸಂಸ್ಥೆ ಚಿಪ್ಪುಗಳ ವಿನ್ಯಾಸವನ್ನು ಮಾತ್ರ ರಚಿಸಿ, ಅದನ್ನು ಬಳಸುವ ಹಕ್ಕನ್ನು ಇತರರಿಗೆ ಮಾರಿತು. ಕಡಿಮೆ ವಿದ್ಯುತ್ತಿನಿಂದ ನಡೆಯುವ ಆ ವಿನ್ಯಾಸವೇ ಜಗತ್ತಿನ ಮೊಬೈಲ್ ದೂರವಾಣಿಗಳನ್ನೆಲ್ಲ ಆವರಿಸಿತು. 2020ರಲ್ಲಿ ಆಪಲ್ ಸಂಸ್ಥೆ ತನ್ನ ಗಣಕಯಂತ್ರಗಳಿಗೆ ಇಂಟೆಲನ್ನು ಬಿಟ್ಟು ಆರ್ಮ್ ಮಾದರಿಯ ತನ್ನದೇ ಚಿಪ್ಪನ್ನು ಬಳಸತೊಡಗಿತು. 1993ರಲ್ಲಿ ಸ್ಥಾಪಿತವಾದ ಎನ್‌ವಿಡಿಯ ಆಟಗಳ ಚಿತ್ರಗಳನ್ನು ಮೂಡಿಸುವ ಚಿಪ್ಪುಗಳಿಗಾಗಿ ಹೆಸರಾಗಿತ್ತು. ಕೃತಕ ಬುದ್ಧಿಮತ್ತೆಯ ಲೆಕ್ಕಗಳಿಗೆ ಅವೇ ಚಿಪ್ಪುಗಳು ಯೋಗ್ಯವೆಂದು ಕಂಡುಬಂದ ಮೇಲೆ ಅದು ಜಗತ್ತಿನ ಅತ್ಯಂತ ಬೆಲೆಬಾಳುವ ಸಂಸ್ಥೆಗಳಲ್ಲಿ ಒಂದಾಯಿತು. ಅಮೆರಿಕದ ಶೇರುಪೇಟೆಯ ಪ್ರತಿಷ್ಠಿತವಾದ ಡೌ ಜೋನ್ಸ್ ಪಟ್ಟಿಯಲ್ಲಿ 2024ರ ನವೆಂಬರಿನಲ್ಲಿ ಇಂಟೆಲಿನ ಸ್ಥಾನವನ್ನು ಎನ್‌ವಿಡಿಯಕ್ಕೆ ಕೊಡಲಾಯಿತು. 2025ರ ಆಗಸ್ಟಿನಲ್ಲಿ ಅಮೆರಿಕದ ಸರ್ಕಾರವೇ ಇಂಟೆಲಿನಲ್ಲಿ ನೂರಕ್ಕೆ ಸುಮಾರು ಹತ್ತರಷ್ಟು ಪಾಲನ್ನು ಪಡೆಯಿತು. ಮರಕ್ಕಿಂತ ಮರ ದೊಡ್ಡದು. ಇಂದಿನ ಹೆಮ್ಮರ ನಾಳೆಯೂ ಹೆಮ್ಮರವಾಗಿ ಇರುತ್ತದೆಂದು ಈ ಪೇಟೆಯಲ್ಲಿ ಯಾರೂ ಹೇಳುವಂತಿಲ್ಲ.

ಇಷ್ಟೊಂದು ಅಂಗಡಿಗಳಿರುವಾಗ ಕೊಳ್ಳುವವನು ನಿಶ್ಚಿಂತನಾಗಿರಬಹುದೆಂದು ತೋರುತ್ತದೆ. ಆದರೆ ಅಪಾಯವಿರುವುದು ಅಂಗಡಿಗಳಲ್ಲಿ ಅಲ್ಲ, ಅಂಗಡಿಗೆ ಸರಕು ಬರುವ ದಾರಿಯಲ್ಲಿ. ಮಳೆಗಾಲದಲ್ಲಿ ಆಗುಂಬೆಯ ಘಾಟಿಯಲ್ಲಿ ಗುಡ್ಡ ಕುಸಿದರೆ ತೀರ್ಥಹಳ್ಳಿಯಿಂದ ಕರಾವಳಿಗೆ ಹೋಗುವ ಸಂಚಾರ ನಿಲ್ಲುತ್ತದೆ. ಆಗ ವಾಹನಗಳು ಹೊಸನಗರ ತಾಲ್ಲೂಕಿನ ಹುಲಿಕಲ್ ಘಾಟಿಯನ್ನು ಆಶ್ರಯಿಸುತ್ತವೆ. ಆ ಇನ್ನೊಂದು ಘಾಟಿ ಇಲ್ಲದಿದ್ದರೆ ಪೇಟೆಯಲ್ಲಿ ಎಷ್ಟು ಅಂಗಡಿಗಳಿದ್ದರೂ ಫಲವೇನು? ಪ್ರೊಸೆಸರುಗಳ ಲೋಕದ ಸ್ಥಿತಿ ಇಂದು ಹೀಗಿದೆ. ಎಎಂಡಿ, ಆಪಲ್, ಎನ್‌ವಿಡಿಯ ಇವುಗಳು ಚಿಪ್ಪನ್ನು ರೂಪಿಸುವವೇ ಹೊರತು ತಯಾರಿಸುವವಲ್ಲ. ಇವುಗಳ ಅತ್ಯಾಧುನಿಕ ಚಿಪ್ಪುಗಳಲ್ಲಿ ಬಹುಪಾಲನ್ನು ತಯಾರಿಸಿಕೊಡುವುದು 1987ರಲ್ಲಿ ತೈವಾನಿನಲ್ಲಿ ಸ್ಥಾಪನೆಯಾದ ಟಿಎಸ್‌ಎಂಸಿ ಎಂಬ ಒಂದೇ ಸಂಸ್ಥೆ. ಆ ಚಿಪ್ಪುಗಳನ್ನು ಮೂಡಿಸಲು ಬೇಕಾದ ಅತಿ ಸೂಕ್ಷ್ಮ ಬೆಳಕಿನ ಯಂತ್ರವನ್ನು ಮಾರುವುದು ನೆದರ್‌ಲ್ಯಾಂಡ್ಸಿನ ಎಎಸ್‌ಎಂಎಲ್ ಎಂಬ ಒಂದೇ ಸಂಸ್ಥೆ. ಅಂಗಡಿಗಳು ಹಲವು, ಘಾಟಿ ಒಂದೇ. 2020ರಲ್ಲಿ ಮಹಾಮಾರಿ ಹರಡಿದ ತರುವಾಯ ಚಿಪ್ಪುಗಳ ಅಭಾವವುಂಟಾಗಿ, ಎಲ್ಲ ಭಾಗಗಳೂ ಸಿದ್ಧವಾಗಿದ್ದರೂ ಕಾರುಗಳು ಕಾರ್ಖಾನೆಗಳಿಂದ ಹೊರಬರದೆ ಗಿರಾಕಿಗಳು ತಿಂಗಳುಗಟ್ಟಲೆ ಕಾದುದನ್ನು ಜಗತ್ತು ಕಂಡಿದೆ.

ಈ ಚಿತ್ರದಲ್ಲಿ ಕನ್ನಡ ನಾಡಿನ ಸ್ಥಾನವೇನು? ಅದು ಅಲ್ಪವಾದುದೇನೂ ಅಲ್ಲ. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ 1985ರಲ್ಲಿಯೇ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರವನ್ನು ತೆರೆಯಿತು. 1986ರಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯ ವಿಜ್ಞಾನಿಗಳು ಹಲವು ಪ್ರೊಸೆಸರುಗಳನ್ನು ಒಟ್ಟಿಗೆ ದುಡಿಸುವ ‘ಫ್ಲೋಸಾಲ್ವರ್’ ಎಂಬ ಗಣಕಯಂತ್ರವನ್ನು ಕಟ್ಟಿದರು. ಮೇಲೆ ಹೇಳಿದ, 190 ಕೋಟಿ ಟ್ರಾನ್ಸಿಸ್ಟರುಗಳುಳ್ಳ 2008ರ ಇಂಟೆಲ್ ಪ್ರೊಸೆಸರು ರೂಪುಗೊಂಡದ್ದು ಬೆಂಗಳೂರಿನಲ್ಲಿಯೇ. 2023ರಲ್ಲಿ ಎಎಂಡಿ ತನ್ನ ಬಹುದೊಡ್ಡ ವಿನ್ಯಾಸ ಕೇಂದ್ರವನ್ನು ಅದೇ ನಗರದಲ್ಲಿ ತೆರೆಯಿತು. ಪರಸ್ಪರ ಸೆಣಸುವ ಎರಡು ಸಂಸ್ಥೆಗಳಿಗೂ ಒಂದೇ ನಗರದ ತರುಣ ತರುಣಿಯರು ಬುದ್ಧಿಯನ್ನು ಒದಗಿಸುತ್ತಿದ್ದಾರೆ. ಅಂತಹ ಕೆಲಸವನ್ನರಸಿ ಮಲೆನಾಡಿನ ಅಡಿಕೆ ತೋಟದ ಮನೆಗಳ ಮಕ್ಕಳೂ ಬೆಂಗಳೂರಿನ ಬಸ್ಸು ಹತ್ತುತ್ತಾರೆ.

ಇದು ಹೆಮ್ಮೆಯ ವಿಷಯ ನಿಜ. ಆದರೆ ಹೆಮ್ಮೆಯ ಜೊತೆಗೆ ವಿಚಾರವೂ ಇರಬೇಕು. ಚೇಣಿಗೆ ಕೊಟ್ಟ ತೋಟದಲ್ಲಿ ಎಷ್ಟು ಚೆನ್ನಾಗಿ ದುಡಿದರೂ ಫಸಲು ಚೇಣಿದಾರನಿಗೇ ಸೇರುತ್ತದೆ. ವಿನ್ಯಾಸ ಇಲ್ಲಿಯದು, ಒಡೆತನ ಅಲ್ಲಿಯದು. ಶ್ರಮ ಇಲ್ಲಿಯದು, ಬೆಲೆ ಕಟ್ಟುವ ಅಧಿಕಾರ ಅಲ್ಲಿಯದು. ಸಂಬಳ ಎಷ್ಟೇ ದೊಡ್ಡದಾಗಿರಲಿ, ಅದು ಕೂಲಿಯೇ ಹೊರತು ಪಾಲಲ್ಲ.

ಇದಕ್ಕೆ ಪ್ರತಿಯಾಗಿ ಕೆಲವರು ಹೇಳುವುದುಂಟು: ಅಗ್ಗವಾಗಿ ಕೊಳ್ಳಲು ಸಿಗುವ ವಸ್ತುವನ್ನು ಕಷ್ಟಪಟ್ಟು ತಯಾರಿಸುವುದೇಕೆ? ಮುಂದುವರಿದ ರಾಷ್ಟ್ರಗಳನ್ನು ಹಿಂದಿಕ್ಕುವುದು ಸಾಧ್ಯವೇ? ಈ ಮಾತಿನಲ್ಲಿ ತಥ್ಯವಿಲ್ಲದೆ ಇಲ್ಲ. ಗುಜರಾತಿನ ಧೋಲೇರದಲ್ಲಿ ಟಾಟಾ ಸಂಸ್ಥೆ ತೈವಾನಿನ ಪಾಲುದಾರರೊಡನೆ ಕೈಗೊಂಡಿರುವ ಚಿಪ್ ಕಾರ್ಖಾನೆಯೊಂದಕ್ಕೇ 91,000 ಕೋಟಿ ರೂಪಾಯಿಗಳ ಅಂದಾಜು ಮಾಡಲಾಗಿದೆ. ಇಡೀ ದೇಶದ ಈ ಉದ್ಯಮವನ್ನು ಪ್ರೋತ್ಸಾಹಿಸಲು 2021ರಲ್ಲಿ ಕೇಂದ್ರ ಸರ್ಕಾರ ಮೀಸಲಿಟ್ಟ ಹಣ 76,000 ಕೋಟಿ ರೂಪಾಯಿ. ಇದಲ್ಲದೆ ಇಂತಹ ಕಾರ್ಖಾನೆಗೆ ಹಗಲಿರುಳೂ ವಿದ್ಯುತ್ತು ಬೇಕು, ಅಪಾರವಾದ ಶುದ್ಧ ನೀರು ಬೇಕು. ಕೈಗಾರಿಕೆಯ ಬೆಳಕಿಗಾಗಿ ತೆರಬೇಕಾದ ಬೆಲೆಯನ್ನು ಸಾಗರ, ಹೊಸನಗರಗಳ ಜನರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣಗೊಂಡಾಗ ಶರಾವತಿಯ ಹಿನ್ನೀರಿನಲ್ಲಿ ಅವರ ಗದ್ದೆ ತೋಟಗಳೂ ಊರುಗಳೂ ಮುಳುಗಿದವು. ಸಾವಿರಾರು ಕುಟುಂಬಗಳು ನೆಲೆ ತೊರೆದವು. ಆ ನದಿಯ ವಿದ್ಯುತ್ತಿನಿಂದ ನಾಡಿನ ನಗರಗಳೂ ಕಾರ್ಖಾನೆಗಳೂ ಬೆಳಗಿದವು. ಆದುದರಿಂದ ಹೊಸ ಉದ್ಯಮವನ್ನು ಕಟ್ಟುವವರು ಲಾಭದ ಲೆಕ್ಕದ ಜೊತೆಗೆ ಅದರ ಬೆಲೆಯನ್ನು ತೆರುವವರು ಯಾರೆಂಬ ಲೆಕ್ಕವನ್ನೂ ಮೊದಲೇ ಬರೆದಿಡುವುದು ಧರ್ಮ.

ಆದರೂ ಆಕ್ಷೇಪಣೆಯ ಮುಖ್ಯಾಂಶಕ್ಕೆ ಉತ್ತರವಿದೆ. ಎರಡನೆಯ ಅಂಗಡಿ ಉಪಯುಕ್ತವಾಗಬೇಕಾದರೆ ಅದು ಮೊದಲನೆಯದಕ್ಕಿಂತ ದೊಡ್ಡದಾಗಬೇಕಾಗಿಲ್ಲ. ಅಡಿಕೆಯ ಧಾರಣೆ ಕುಸಿದು ಬೆಳೆಗಾರರು ಕಂಗೆಟ್ಟ ಕಾಲದ ಬಳಿಕ 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೊ ಸಹಕಾರ ಸಂಸ್ಥೆಯೂ ಎಲ್ಲ ಅಡಿಕೆಯನ್ನು ಕೊಂಡುಕೊಳ್ಳುವುದಿಲ್ಲ. ಅದು ಪೇಟೆಯಲ್ಲಿ ನಿಂತಿರುವುದೇ ಬೆಳೆಗಾರನಿಗೆ ಆಸರೆ. ಅಂತೆಯೇ ಚಿಪ್ಪುಗಳ ಲೋಕದಲ್ಲಿಯೂ ಸಣ್ಣ ಆರಂಭಗಳಿಗೆ ಅರ್ಥವಿದೆ. 2010ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಆರಂಭವಾದ ‘ರಿಸ್ಕ್-ಫೈವ್’ ಎಂಬ ಆಜ್ಞಾಕ್ರಮವನ್ನು ಯಾರು ಬೇಕಾದರೂ ಹಣ ತೆರದೆ ಬಳಸಬಹುದು. ಊರಿನ ಕೆರೆಯ ನೀರಿನಂತೆ ಅದು ಎಲ್ಲರ ಸ್ವತ್ತು. ಅದನ್ನು ಆಧರಿಸಿ ಮದ್ರಾಸಿನ ಐಐಟಿಯ ಪ್ರಾಧ್ಯಾಪಕರೂ ವಿದ್ಯಾರ್ಥಿಗಳೂ ‘ಶಕ್ತಿ’ ಎಂಬ ಪ್ರೊಸೆಸರುಗಳನ್ನು ರೂಪಿಸಿದ್ದಾರೆ. ರಾಕೆಟ್ಟುಗಳ ಬಳಕೆಗಾಗಿ ಇಸ್ರೋ ವಿಜ್ಞಾನಿಗಳು ರೂಪಿಸಿ, ದೇಶದಲ್ಲಿಯೇ ತಯಾರಾದ ‘ವಿಕ್ರಮ್’ ಪ್ರೊಸೆಸರನ್ನು 2025ರ ಸೆಪ್ಟೆಂಬರಿನಲ್ಲಿ ಪ್ರಧಾನಮಂತ್ರಿಗಳಿಗೆ ಅರ್ಪಿಸಲಾಯಿತು. ಇವು ಇಂಟೆಲ್, ಎಎಂಡಿಗಳ ಸಮಕ್ಕೆ ನಿಲ್ಲುತ್ತವೆಂದು ಜಂಬ ಕೊಚ್ಚಿಕೊಳ್ಳುವುದು ತರವಲ್ಲ. ವೇಗದಲ್ಲಿ ಇವು ಬಹಳ ಹಿಂದಿವೆ. ಆದರೆ ಹೊರಗಿನವರು ಕೊಡುವುದಿಲ್ಲವೆಂದಾಗ ರಾಕೆಟ್ಟು ನೆಲದ ಮೇಲೆ ನಿಲ್ಲಬೇಕಾಗಿಲ್ಲ ಎಂಬಷ್ಟು ಭರವಸೆಯನ್ನು ಕೊಡುತ್ತವೆ. ಹುಲಿಕಲ್ಲಿನ ದಾರಿ ಕಡಿದಾದುದಾದರೂ ಆಗುಂಬೆ ಮುಚ್ಚಿದ ದಿನ ಊರನ್ನು ಕಾಯುವುದು ಅದೇ.

ಹೀಗೆ ನೋಡಿದರೆ ಪೈಪೋಟಿ ಎಂಬುದು ಹಗೆತನವಲ್ಲ. ಅದು ಒಬ್ಬರನ್ನೊಬ್ಬರು ಎಚ್ಚರದಲ್ಲಿಡುವ ವ್ಯವಸ್ಥೆ. ಅದರ ಫಲ ಕೊಳ್ಳುವವನಿಗೆ ಉಚಿತವಾಗಿ ದೊರೆತಂತೆ ಕಂಡರೂ ಅದನ್ನು ಉಳಿಸಿಕೊಳ್ಳುವ ಹೊಣೆ ಅವನಿಗೂ ಇದೆ. 1939ರಲ್ಲಿ ಮಲೆನಾಡಿನ ಬೆಳೆಗಾರರು ಆ ಹೊಣೆಯನ್ನು ಹೊತ್ತರು. 1981ರಲ್ಲಿ ಐಬಿಎಂ ತನ್ನ ಸ್ವಾರ್ಥಕ್ಕಾಗಿಯೇ ಆದರೂ ಆ ಹೊಣೆಯನ್ನು ಹೊತ್ತಿತು. ಚಿಪ್ಪುಗಳನ್ನು ಕೋಟಿಗಟ್ಟಲೆ ಕೊಳ್ಳುವ ಭಾರತದಂತಹ ದೇಶವೂ ಅದನ್ನು ಹೊರಬೇಕಾಗಿದೆ. ಅದಕ್ಕೆ ಹಣ ಬೇಕು, ಕಾಲ ಬೇಕು. ಎಲ್ಲಕ್ಕಿಂತ ಮಿಗಿಲಾಗಿ ಗಣಿತ, ಭೌತವಿಜ್ಞಾನ, ರಸಾಯನಶಾಸ್ತ್ರಗಳನ್ನು ಶ್ರದ್ಧೆಯಿಂದ ಕಲಿತು, ಕಲಿತುದನ್ನು ಸ್ವಂತ ಅಂಗಡಿಯೊಂದನ್ನು ಕಟ್ಟಲು ಬಳಸುವ ಧೈರ್ಯವುಳ್ಳ ತರುಣ ಜನಾಂಗ ಬೇಕು.

ಅಡಿಕೆಯ ಮೂಟೆಯನ್ನು ಗಾಡಿಗೆ ಏರಿಸುವ ಮುನ್ನ ಮಲೆನಾಡಿನ ಬೆಳೆಗಾರನು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: “ಮತ್ತೊಂದು ಕಡೆ ಧಾರಣೆ ಎಷ್ಟಿದೆ?” ಕೇಳಲು ಮತ್ತೊಂದು ಕಡೆ ಎಂಬುದು ಇರುವವರೆಗೆ ಅವನು ಯಾರ ಮುಂದೆಯೂ ಕೈಯೊಡ್ಡಿ ನಿಲ್ಲಬೇಕಾಗಿಲ್ಲ. ಆ ಪ್ರಶ್ನೆಯನ್ನು ಕೇಳುವ ಸ್ವಾತಂತ್ರ್ಯ ಚಿಪ್ಪುಗಳ ಪೇಟೆಯಲ್ಲಿ ಒಂದು ದೇಶಕ್ಕೂ ಬೇಕು.